ಕೆರೆಯನ್ನು ಒತ್ತೆ ಇಡದೆ ಕಟ್ಟಿದ ಹತ್ತಿ ಅಂಗಳ

ಮುಗಳಿಕಟ್ಟಿ ನಗರ,
೨೧೮೧ನೆಯ ಇಸವಿ, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ನೂರೈವತ್ತು ವರ್ಷ ಹಿಂದೆ ಇದೇ ಊರಲ್ಲಿರುವ ಹಿರಿಯರಿಗೆ ನೀಲಗಂಗಾ ಬಾಚಲಾಪುರ ಮಾಡುವ ನಮಸ್ಕಾರಗಳು.

ಹದಿಮೂರನೆಯ ತಿಂಗಳು ಎಂದು ಓದಿ ನೀವು ತಡವರಿಸಬಹುದು. ಬೇಸಿಗೆ ಬೆಳೆಯುತ್ತ ಹೋದಾಗ ನಮ್ಮ ಅಜ್ಜಂದಿರು ಉಳಿದ ತಿಂಗಳುಗಳಿಂದ ಎರಡೆರಡು ದಿನ ತೆಗೆದು ಮೇ ಮತ್ತು ಜೂನ್ ನಡುವೆ ಇದನ್ನು ಸೇರಿಸಿದರು. ಕೊನೆಗೆ ಹುಟ್ಟಿದ್ದರಿಂದ ಹದಿಮೂರನೆಯದು ಎಂದೇ ಹೆಸರಾಯಿತು. ನನ್ನ ಮಾತಿನಲ್ಲಿ ಇಂಥವು ಇನ್ನೂ ಬಂದಾವು. ಮನ್ನಿಸಿ.

ನಾನು ಊರಸಭೆಯ ಒಪ್ಪಂದಗಾರ್ತಿ. ನಿಮ್ಮ ಕಾಲದ ನಗರಸಭೆಯನ್ನೇ ನಾವು ಊರಸಭೆ ಎನ್ನುತ್ತೇವೆ. ಅದರ ಪರವಾಗಿ ಹೊರಗಿನವರ ಜೊತೆ ಕೂತು ಷರತ್ತು ಮಾತಾಡುವುದು ನನ್ನ ಕೆಲಸ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಇಲ್ಲಿ ಬಿಸಿಲುರಜೆ, ಯಾರೂ ಬೀದಿಗಿಳಿಯುವಂತಿಲ್ಲ. ಗಟ್ಟಿ ಗೋಡೆಯ ಮನೆ ಇದ್ದವರು ಆ ಹೊತ್ತನ್ನು ಹೇಗೋ ಕಳೆಯುತ್ತಾರೆ. ಆದರೆ ಹಳೆಯ ಹತ್ತಿ ಮಾರುಕಟ್ಟೆಯ ಸುತ್ತ ಮುನ್ನೂರು ನೇಕಾರ ಕುಟುಂಬಗಳು ತಗಡಿನ ಸೂರಿನ ಕೆಳಗೆ ಇದ್ದವು. ಮೂರು ವರ್ಷದ ಹಿಂದಿನ ಒಂದೇ ಬೇಸಿಗೆಯಲ್ಲಿ ಅಲ್ಲಿ ಹನ್ನೊಂದು ಜನ ತೀರಿಕೊಂಡರು. ಅವರಲ್ಲೊಬ್ಬಳು ನನಗೆ ಮೊದಲ ಸೀರೆ ನೇಯ್ದುಕೊಟ್ಟ ತಿಪ್ಪವ್ವ.

ಪಾಳುಬಿದ್ದ ಆ ಮಾರುಕಟ್ಟೆಯ ಜಾಗದಲ್ಲಿ ಕೆಳಗೆ ಮಗ್ಗ ಮತ್ತು ಅಂಗಡಿ, ನಡುವೆ ಕಚೇರಿಗಳು, ಮೇಲೆ ತಂಪಾದ ಮನೆಗಳು ಇರುವ, ‘ಹತ್ತಿ ಅಂಗಳ’ ಎಂಬ ಒಂದೇ ದೊಡ್ಡ ಕಟ್ಟಡವನ್ನು ಕಟ್ಟಬೇಕೆಂದು ಸಭೆ ಗೊತ್ತುಮಾಡಿತು. ಜಾಗ ನಮ್ಮದು, ಕಟ್ಟುವವರು ಇನಾಯತ್ ಹಂಚಿನಮನಿ ಎಂಬ ಬಿಲ್ಡರ್. ಅರ್ಧ ದುಡ್ಡು ಅವರದು, ಉಳಿದರ್ಧ ಬ್ಯಾಂಕಿನ ಸಾಲ. ತೊಡಕು ಆ ಸಾಲದಲ್ಲೇ ಇತ್ತು. ಅಂಗಡಿ, ಕಚೇರಿಗಳಿಗೆ ಬಾಡಿಗೆದಾರರು ಬಾರದಿದ್ದರೆ ಏನು ಗತಿ ಎಂದು ಬ್ಯಾಂಕಿನವರು ಕೇಳಿದರು. ಅದಕ್ಕೆ ಭದ್ರತೆಯಾಗಿ ಊರ ಕೆರೆಯ ನೀರಿನ ಹಕ್ಕನ್ನು ಐವತ್ತು ವರ್ಷಕ್ಕೆ ಬರೆದುಕೊಡಬೇಕು ಎಂದು ಹಂಚಿನಮನಿಯವರು ಪಟ್ಟು ಹಿಡಿದರು.

ಹನ್ನೊಂದು ತಿಂಗಳು ಮಾತಾಡಿದೆವು. ಎರಡು ಸಲ ಅವರು ಎದ್ದು ಹೋದರು, ಒಂದು ಸಲ ನಾನು. ಇವರ ಕಣ್ಣು ಮನೆಗಳ ಮೇಲಿಲ್ಲ, ಕೆರೆಯ ಮೇಲಿದೆ ಎಂದು ನಾನು ಸಭೆಗೆ ಬರೆದುಕೊಟ್ಟಿದ್ದೆ. ಇನ್ನೊಂದು ಬೇಸಿಗೆ ಹತ್ತಿರ ಬಂತು. ನಮ್ಮ ಊರಯ್ಯ, ಅಂದರೆ ನಿಮ್ಮ ಕಾಲದ ಅಧ್ಯಕ್ಷರು, ದ್ಯಾಮಣ್ಣನವರು ನನ್ನನ್ನು ಕರೆಸಿ, ಬೇರೆ ದಾರಿ ಕಾಣದಿದ್ದರೆ ಕೆರೆಯನ್ನೇ ಬರೆದುಕೊಡು, ಜನ ಮೊದಲು ಬದುಕಲಿ ಎಂದರು. ಕೈಗೆ ಬಂದ ಅಧಿಕಾರಪತ್ರವನ್ನು, ಕೊನೆಯ ಗಳಿಗೆಯವರೆಗೆ ಹೊರಗೆ ತೆಗೆಯಬಾರದೆಂದು ಚೀಲದ ತಳಕ್ಕೆ ಹಾಕಿದೆ.

ಮರುದಿನದ ಮಾತುಕತೆ ಮುರಿಯುವ ಹೊತ್ತಿಗೆ ಬಿಸಿಲುರಜೆ ಶುರುವಾಯಿತು. ಇಬ್ಬರೂ ಹೊರಗೆ ಹೋಗುವಂತಿಲ್ಲ. ಐದು ತಾಸು ಒಂದೇ ಕೋಣೆ. ಡಬ್ಬಿಯಲ್ಲಿದ್ದ ರೊಟ್ಟಿ, ಶೇಂಗಾ ಚಟ್ನಿಯನ್ನು ಅವರ ಮುಂದೆ ಸರಿಸಿದೆ. ಅವರು ತುತ್ತು ಮುರಿದರು, ತಿನ್ನಲಿಲ್ಲ. ಏನಾಯಿತೆಂದು ಕೇಳಿದೆ.

“ಅಕ್ಕಾರ, ನನಗ ಕೆರಿ ಬ್ಯಾಡ್ರಿ,” ಅಂದರು. “ನನ್ನ ಮನಿ, ತಮ್ಮನ ಹೊಲ, ಎಲ್ಲಾ ಈ ಕಟ್ಟಡಕ್ಕ ಇಟ್ಟೇನಿ. ಮೊದಲ ನಾಕು ವರ್ಷ ಬಾಡಿಗಿ ಬರಲಿಲ್ಲಂದ್ರ ಬೀದಿಗೆ ಬರ್ತೀವ್ರಿ. ಅಷ್ಟ ಅಂಜಿಕಿ.”

ಹನ್ನೊಂದು ತಿಂಗಳಲ್ಲಿ ನಾನು ಅವರ ಷರತ್ತುಗಳಿಗೆಲ್ಲ ಉತ್ತರ ಕೊಟ್ಟಿದ್ದೆ, ಅಂಜಿಕೆ ಏನೆಂದು ಕೇಳಿರಲಿಲ್ಲ. ನನಗೆ ನನ್ನ ಮೇಲೇ ನಾಚಿಕೆಯಾಯಿತು. ಹಾಳೆಯೊಂದನ್ನು ಎಳೆದುಕೊಂಡು ಕೇಳಿದೆ:

“ಖಾಯಂ ಬಾಡಿಗಿದಾರರು ಸಿಕ್ಕರ?”

“ಯಾರು ಬರ್ತಾರ್ರಿ?”

“ನಾವು ಬರ್ತೀವಿ.”

ಊರಸಭೆಯ ಕಚೇರಿ, ದವಾಖಾನೆ, ಶಾಲೆ ಮೂರೂ ಹದಿನೈದು ವರ್ಷಕ್ಕೆ ಆ ನಡುವಿನ ಅಂತಸ್ತುಗಳನ್ನು ಹಿಡಿದರೆ ಬಾಡಿಗೆ ತಪ್ಪುವುದಿಲ್ಲ. ಆ ಕರಾರನ್ನೇ ಬ್ಯಾಂಕು ಭದ್ರತೆಯೆಂದು ಒಪ್ಪಬಹುದು. ಬಿಸಿಲುರಜೆ ಮುಗಿಯುವುದರೊಳಗೆ ಹಾಳೆ ತುಂಬ ಲೆಕ್ಕ ಹಾಕಿದೆವು. ರೊಟ್ಟಿಯೂ ಖಾಲಿಯಾಯಿತು.

ಸಭೆಯಲ್ಲಿ ನನಗೆ ಬೈಗುಳ ಬಿತ್ತು. ನಮ್ಮ ಹಳೆಯ ಕಲ್ಲಿನ ಕಚೇರಿ ಊರಲ್ಲೇ ತಂಪಾದ ಜಾಗ. ಅದನ್ನು ಬಿಟ್ಟು ಮಗ್ಗಗಳ ತಲೆಯ ಮೇಲೆ ಹೋಗಿ ಕೂರಬೇಕೇ ಎಂದು ಸಹೋದ್ಯೋಗಿಗಳು ಮುನಿಸಿಕೊಂಡರು. ದ್ಯಾಮಣ್ಣನವರು ಎಲ್ಲರ ಮಾತು ಮುಗಿಯುವವರೆಗೆ ಕಾದು, ತಮ್ಮ ಕುರ್ಚಿ ಮೊದಲು ಹೋಗಲಿ ಎಂದಷ್ಟೇ ಹೇಳಿದರು. ಆರು ಮತ ಹೆಚ್ಚು ಬಂದು ಪ್ರಸ್ತಾಪ ಪಾಸಾಯಿತು. ಬ್ಯಾಂಕಿನವರು ಹದಿನೇಳು ದಿನ ತೆಗೆದುಕೊಂಡು ಒಪ್ಪಿಗೆ ಕಳಿಸಿದರು. ಸಹಿಯಾದ ಮೇಲೆ ಹಂಚಿನಮನಿಯವರು ಕುರ್ಚಿಯಲ್ಲೇ ಕಣ್ಣು ಮುಚ್ಚಿ ಒರಗಿದರು. ನಾನು ಅಂಗಳಕ್ಕೆ ಬಂದು, ಯಾರೂ ಇಲ್ಲದ್ದು ನೋಡಿ, ಸಾಕಾಗುವಷ್ಟು ಅತ್ತೆ. ಎದೆ ಹಗುರಾಯಿತು.

ಈ ಬೇಸಿಗೆಗೆ ನೂರೆಂಬತ್ತು ಮನೆಗಳು ಸಿದ್ಧವಾಗಿವೆ. ಉಳಿದವರಿಗೆ ಸದ್ಯ ಶಾಲೆಯ ಕೋಣೆಗಳನ್ನು ಬಿಟ್ಟುಕೊಟ್ಟಿದ್ದೇವೆ. ಎಲ್ಲವೂ ಸರಿಹೋಗಿದೆ ಎನ್ನಲಾರೆ. ಅಂಗಡಿಗಳು ಇನ್ನೂ ಅರ್ಧ ಖಾಲಿ, ಮೂರನೆಯ ಅಂತಸ್ತಿನಲ್ಲಿ ಗೋಡೆ ಸೋರುತ್ತದೆ. ಆದರೆ ಹದಿಮೂರನೆಯ ತಿಂಗಳು ಒಂಬತ್ತು ದಿನ ಕಳೆದರೂ ಹತ್ತಿ ಅಂಗಳದಿಂದ ಒಂದು ಹೆಣವೂ ಹೊರಟಿಲ್ಲ.

ನಿಮ್ಮಲ್ಲಿ ಯಾರಾದರೂ ಇಂಥ ಮೇಜಿನ ಮುಂದೆ ಕೂರುವ ದಿನ ಬಂದರೆ ನನ್ನದೊಂದು ಕೋರಿಕೆ. ಎದುರಿಗಿರುವವರು ಏನು ಕೇಳುತ್ತಾರೆಂದು ಬರೆದುಕೊಳ್ಳಿ. ಆಮೇಲೆ, ಅವರಿಗೆ ಯಾವುದರ ಭಯ ಎಂದು ಬಾಯಿಬಿಟ್ಟು ಕೇಳಿ. ನಾನು ಅದನ್ನು ಮೊದಲ ತಿಂಗಳೇ ಕೇಳಿದ್ದರೆ ಈ ಮನೆಗಳು ಕಳೆದ ಬೇಸಿಗೆಗೇ ಸಿದ್ಧವಾಗುತ್ತಿದ್ದವು. ಆ ಬೇಸಿಗೆಯಲ್ಲಿ ಹೋದ ನಾಲ್ವರ ಹೆಸರು ನನಗೆ ಗೊತ್ತಿದೆ.

ಹೊಸ ಕಚೇರಿಯಲ್ಲಿ ಕೂತು ಇದನ್ನು ಬರೆಯುತ್ತಿರುವಾಗಲೇ ಕೆಳಗೆ ಮಗ್ಗಗಳು ಶುರುವಾದವು. ಈ ಸದ್ದಿನಲ್ಲಿ ಕೆಲಸ ಮಾಡಲಾಗುವುದಿಲ್ಲ ಎಂಬ ದೂರಿಗೆ ಸಹೋದ್ಯೋಗಿಗಳೆಲ್ಲ ಸಹಿ ಹಾಕಿ ನನ್ನ ಮೇಜಿನ ಮೇಲೆ ಇಟ್ಟುಹೋಗಿದ್ದಾರೆ. ನಾನು ಹಾಕುವುದಿಲ್ಲ.

ನಿಮ್ಮ ಊರಿನವಳೇ ಆದ,
ನೀಲಗಂಗಾ