ಎರಡಕ್ಷರದ ಮಾತು

ಫೆಬ್ರವರಿ 9, ಬೆಳಿಗ್ಗೆ

ಅಲ್ಲ, ನಿನ್ನೆ ಬರೆದದ್ದು ಪೂರ್ತಿ ಸರಿಯಲ್ಲ. ಕಲಿಯುವ ಕಂಪ್ಯೂಟರ್ ಭಾಷೆ ಡಾರ್ಟೇ ಎಂದು ಇನ್ನೂ ತೀರ್ಮಾನವಾಗಿಲ್ಲ. ಜಾವಾಸ್ಕ್ರಿಪ್ಟೂ ಆಗಬಹುದು. ಕಾಟ್ಲಿನ್ ಎಂದು ಇನ್ನೊಂದಿದೆ. ಮೂರರದೂ ಮೊದಲ ಪಾಠ ಓದಿದೆ. ಮೂರರಲ್ಲೂ ಮೊದಲ ಪಾಠದಲ್ಲಿ ಕಂಪ್ಯೂಟರು ‘ಹಲೋ’ ಅನ್ನುತ್ತದೆ. ಅನ್ನಲಿ. ಈ ಮನೆಯಲ್ಲಿ ಅಷ್ಟಾದರೂ ಅನ್ನುವವರು ಯಾರಿದ್ದಾರೆ.

ಮೇಲಿನ ಮನೆಯ ಮೇಡಂ, ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುವವರು, ಬಟ್ಟೆ ಒಣಹಾಕಲು ಇಳಿದಾಗ ನನ್ನ ಅವಸ್ಥೆ ನೋಡಿ ನಕ್ಕರು.

“ಅಂಕಲ್, ಹೆಣ್ಣು ನೋಡೋ ಹಾಗೆ ನೋಡ್ತಾ ಕೂತ್ರೆ ಮುಗಿಯಲ್ಲ. ಇದಕ್ಕೆ ಮೂಗು ಉದ್ದ, ಅದಕ್ಕೆ ಹಲ್ಲು ಮುಂದೆ... ಯಾವ್ದಾದ್ರೂ ಒಂದನ್ನ ಕಟ್ಕೊಳ್ಳಿ.”

“ಈ ವಯಸ್ಸಿಗೆ ಎರಡನೇ ಸಂಬಂಧನಾ?”

“ಭಾಷೆ ತಾನೇ. ತಿರುಗಿ ಮಾತಾಡಲ್ಲ.”

ತಿರುಗಿ ಮಾತಾಡಬೇಕು ಎಂದೇ ಈ ಪಾಡು. ನನಗಲ್ಲ, ಇವಳ ತಮ್ಮನಿಗೆ, ನನ್ನ ಭಾಮೈದನಿಗೆ. ಲಕ್ವ ಹೊಡೆದು ಮಾತು ಹೋಗಿದೆ. ತಲೆಯಾಡಿಸುವುದನ್ನೂ ನಂಬುವಂತಿಲ್ಲ, ಹೌದಿಗೂ ಅಲ್ಲಕ್ಕೂ ಒಂದೇ ಥರ ಆಡುತ್ತದೆ. ಉಳಿದಿರುವುದು ಎಡಗೈಯ ಒಂದು ಬೆರಳು, ಮತ್ತು ಆ ಹಳೆಯ ಟ್ಯಾಬ್ಲೆಟ್ಟು. ಅದರಲ್ಲಿ ಹನ್ನೆರಡು ಚಿತ್ರ. ಒತ್ತಿದರೆ ಮಾತು. ನೀರು, ಊಟ, ನೋವು, ಬೇಕು, ಬೇಡ... ಎಲ್ಲಾ ಇವಳ ದನಿಯಲ್ಲಿ. ಬದುಕಿದ್ದಾಗ ಒಂದು ಮಧ್ಯಾಹ್ನ ಕೂತು ತುಂಬಿಸಿಟ್ಟು ಹೋದಳು.

ಮಾಡಿದ ಕಂಪನಿ ಮುಚ್ಚಿದೆ. ಆ ಪ್ರೋಗ್ರಾಮು ಆ ಒಂದು ಟ್ಯಾಬ್ಲೆಟ್ಟಿನ ಮೇಲೆ ಮಾತ್ರ ಓಡುತ್ತದೆ. ಬ್ಯಾಟರಿ ಕೆಟ್ಟು ಅದರ ಬೆನ್ನು ಈಗ ದಿಂಬಿನಂತೆ ಉಬ್ಬಿದೆ. ಹಾಗಾಗಿ ಅಂಥದ್ದೇ ಹೊಸದೊಂದನ್ನು ನಾನೇ ಬರೆಯಬೇಕು, ಅದು ನನ್ನ ಫೋನಿನ ಮೇಲೂ ಓಡಬೇಕು, ಅವನಿಗೆ ಅಭ್ಯಾಸ ಮಾಡಿಸಲು ಬರುವ ಥೆರಪಿಯವರ ಬೇರೆ ಕಂಪನಿಯ ಟ್ಯಾಬ್ಲೆಟ್ಟಿನ ಮೇಲೂ ಓಡಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ಎರಡನ್ನೂ ಒಂದೇ ನೊಗಕ್ಕೆ ಕಟ್ಟುವ ಭಾಷೆ ಯಾವುದು, ಅದು ಪ್ರಶ್ನೆ.

ಅಂಗಡಿಯಲ್ಲಿ ಸಿಗುವ ಇಂಥ ಮಾತಿನ ಯಂತ್ರಗಳನ್ನು ತಂದು ತೋರಿಸಿದ್ದಾಯಿತು. ಪುಟದ ತುಂಬಾ ಚಿತ್ರ. ಅವನ ಬೆರಳು ಹಳೆಯ ಜಾಗಗಳನ್ನೇ ಹುಡುಕಿ ಹುಡುಕಿ ಸೋತಿತು. ಬಿಕ್ಕಿದ.


ಫೆಬ್ರವರಿ 12

ಟ್ಯಾಬ್ಲೆಟ್ಟು ಹೋಯಿತು. ರಿಪೇರಿಯವನು ಬಿಚ್ಚಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

“ಇದನ್ನ ಮನೇಲಿ ಇಟ್ಕೊಂಡಿದ್ರಾ? ಪುಣ್ಯ ಮಾಡಿದ್ರಿ, ಸುಟ್ಟುಕೊಂಡಿಲ್ಲ.”

“ಒಳಗಿನ ದನಿ?”

“ಯಾವ ದನಿ?”

“ಹನ್ನೆರಡು ಮಾತಿದ್ವು.”

“ಬೋರ್ಡೇ ಸತ್ತಿದೆ ಯಜಮಾನ್ರೇ. ಮಾತೂ ಇಲ್ಲ, ಕತೆಯೂ ಇಲ್ಲ.”

ಇವಳು ಎರಡನೆಯ ಸಲ ಹೋದಳು. ಮೊದಲ ಸಲ ಹೆಗಲು ಕೊಡಲು ನಾಲ್ಕು ಜನ ಬಂದಿದ್ದರು.


ಫೆಬ್ರವರಿ 13

ಅತ್ತಿಗೆಯ ಫೋನು. ಇವಳ ಅಕ್ಕ, ಮುಂದಿನ ಊರಿನಲ್ಲಿದ್ದಾರೆ.

“ಮಾತೇ ಇಲ್ದಿರೋ ಮನೇಲಿ ಅವನನ್ನ ಇಟ್ಕೊಂಡು ಏನ್ಮಾಡ್ತೀರಿ? ನಿಮಗೂ ವಯಸ್ಸಾಯ್ತು. ನಾನು ಕರ್ಕೊಂಡು ಬರ್ತೀನಿ.”

“ಅವನಿಗೆ ಇಲ್ಲೇ ಅಭ್ಯಾಸ.”

“ಅವನು ಹೇಳಿದ್ನಾ? ಅವನ ಬಾಯಿಂದ ಬರ್ಲಿ. ಮುಂದಿನ ತಿಂಗಳು ಬರ್ತೀನಿ. ನಾನೇ ಕೇಳ್ತೀನಿ. ಇಲ್ಲೇ ಇರ್ತೀನಿ ಅಂದ್ರೆ ತುಟಿ ಪಿಟಕ್ ಅನ್ನಲ್ಲ.”

ನ್ಯಾಯವೇ. ಕೆಟ್ಟ ಹೆಂಗಸಲ್ಲ. ಆದರೆ ಅವನೂ ಹೋದರೆ ನಾನು ಬೆಳಿಗ್ಗೆ ಏಳುವುದಾದರೂ ಯಾಕೆ? ಇದನ್ನು ಯಾರಿಗೂ ಹೇಳುವಂತಿಲ್ಲ. ಸೇವೆ ಮಾಡುತ್ತಿದ್ದೇನೆ ಅಂದುಕೊಂಡಿದ್ದಾರೆ ಎಲ್ಲರೂ.

ಡಾರ್ಟ್. ಮುಗಿಯಿತು. ಕಟ್ಟಿಕೊಂಡೆ.


ಫೆಬ್ರವರಿ 21, ಮಧ್ಯಾಹ್ನ

ನೂಲಿನ ಗಿರಣಿಯಲ್ಲಿ ಸಂಬಳದ ಪ್ರೋಗ್ರಾಮು ಬರೆಯುತ್ತಾ ತಲೆ ನೆರೆಯಿತು. ಕೋಬಾಲ್. ಅದು ಸಂಭಾವಿತ ಭಾಷೆ. ಮೇಲಿಂದ ಕೆಳಗೆ ಇಳಿಯುತ್ತದೆ, ಮೆಟ್ಟಿಲಿನಂತೆ. ಇದು ಹಾಗಲ್ಲ. ಆವರಣದೊಳಗೆ ಆವರಣ, ಅದರೊಳಗೆ ಇನ್ನೊಂದು. ಯಾವ ಬಾಗಿಲು ಮುಚ್ಚಿದೆ, ಯಾವುದು ತೆರೆದಿದೆ ಎಂದು ನೋಡುವಷ್ಟರಲ್ಲಿ ನಾನೆಲ್ಲಿದ್ದೇನೆ ಎಂಬುದೇ ಮರೆಯುತ್ತದೆ.

ಇವತ್ತಿನ ಕೆಂಪಕ್ಷರ: ‘ನಲ್ ಚೆಕ್ ಆಪರೇಟರ್ ಯೂಸ್ಡ್ ಆನ್ ಎ ನಲ್ ವ್ಯಾಲ್ಯೂ.’ ಕಾಲೇಜಿನ ಇಂಗ್ಲಿಷನ್ನು ಕೆದಕಿದೆ. ಪ್ಯಾಸಿವ್ ವಾಯ್ಸ್ ಎನ್ನುವುದೊಂದು ನೆನಪಾಯಿತು, ಅರ್ಥ ಬರಲಿಲ್ಲ. ಮೇಡಂ ಹೇಳಿದರು: “ಇಲ್ದೇ ಇರೋದನ್ನ ಇದೆ ಇದೆ ಅಂತ ಸಾಧಿಸಿದೀರಿ ಅಂಕಲ್.”

ಅದನ್ನೇ ಮಾಡುತ್ತಿದ್ದೇನೆ, ಎಷ್ಟೋ ಕಾಲದಿಂದ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ. ಈ ಮರ ಒಣಗಿಯೂ ಆಗಿದೆ. ಪಕ್ಕದ ಕುರ್ಚಿಯಿಂದ ಅವನು ನೋಡುತ್ತಿರುತ್ತಾನೆ. ನಾನು ಬೈದುಕೊಂಡರೆ ಭುಜ ಕುಲುಕುತ್ತದೆ. ನಗುವೇ ಇರಬೇಕು.


ಮಾರ್ಚ್ 3

ದನಿ ನನ್ನದೇ ಹಾಕಿದೆ. ಬೇರೆ ಯಾರದ್ದಿದೆ? ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಹೇಳಿದೆ: ನೀರು. ಊಟ. ನೋವು. ಅಕ್ಕ. ಭಾವ. ಬೇಕು. ಬೇಡ. ನನ್ನನ್ನೇ ನಾನು ‘ಭಾವ’ ಎಂದು ಕರೆದುಕೊಂಡದ್ದು ಇದೇ ಮೊದಲು. ಮೂರು ಸಲ ಹೇಳಬೇಕಾಯಿತು.

ಕಂಪ್ಯೂಟರಿನ ಟಚ್ ಪರದೆಯಲ್ಲಿ ಹನ್ನೆರಡೂ ಸರಿಯಾಗಿ ಮಾತಾಡಿದವು. ಹಳೆಯ ಜಾಗ, ಹಳೆಯ ಚಿತ್ರ. ಅವನ ಬೆರಳು ಹುಡುಕಲಿಲ್ಲ, ನೇರ ಹೋಗಿ ಕೂತಿತು. ‘ಭಾವ’ ಒತ್ತಿದ. ಮತ್ತೆ ಒತ್ತಿದ. ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.


ಮಾರ್ಚ್ 8

ಕಂಪ್ಯೂಟರಿನಲ್ಲಿ ಹಾಡುವುದು ಫೋನಿನಲ್ಲಿ ಮೂಕ. ನಾಲ್ಕು ದಿನ ತಲೆ ಚಚ್ಚಿಕೊಂಡೆ. ದನಿಯ ಫೈಲುಗಳ ಹೆಸರಿಗೆ ಬಾಲ ಉದ್ದವಾಯಿತೋ ಏನೋ, ಯಾವಾಗ ರೆಕಾರ್ಡು ಮಾಡಿದ್ದು, ಎಷ್ಟನೆಯ ಸಲದ್ದು ಎಂದೆಲ್ಲ ಸೇರಿಸಿದ್ದೆ. ಕೊನೆಗೆ ಗಿರಣಿಯ ಬುದ್ಧಿ ಕೈಹಿಡಿಯಿತು. ಅಲ್ಲಿ ಪ್ರತಿ ಖಾತೆಗೂ ಎರಡಕ್ಷರದ ಗುರುತು. ಹಾಗೇ ಮಾಡಿದೆ: ಪ್ರತಿ ಮಾತಿನ ಮೊದಲ ಎರಡಕ್ಷರ ಮಾತ್ರ ಕತ್ತರಿಸಿ ಹೆಸರಿಡು ಎಂದು ಪ್ರೋಗ್ರಾಮಿಗೇ ಹೇಳಿದೆ. ನೀರು, ಊಟ, ಬೇಕು, ಬೇಡ. ಬಹುಪಾಲು ಎರಡೇ ಅಕ್ಷರದ ಮಾತುಗಳು, ಕತ್ತರಿಸುವುದೇನು ಬಂತು.

ಫೋನು ಮಾತಾಡಿತು! ‘ನೀರು’ ಒತ್ತಿದೆ, ನೀರು. ‘ಭಾವ’ ಒತ್ತಿದೆ, ಭಾವ. ‘ಬೇಡ’ ಒತ್ತಿದೆ, ಬೇಡ. ಸಾಕು. ಥೆರಪಿಯವರ ಟ್ಯಾಬ್ಲೆಟ್ಟಿನಲ್ಲೂ ಓಡಿತು. ಎತ್ತೂ ಕೋಣವೂ ಒಂದೇ ನೊಗದಲ್ಲಿ. ಮೇಡಂ ಚಪ್ಪಾಳೆ ತಟ್ಟಿದರು. ಇವಳಿಗೆ ಹೇಳೋಣ ಎಂದು ಅಡುಗೆಮನೆಯ ಬಾಗಿಲಿನವರೆಗೂ ಹೋಗಿಬಿಟ್ಟಿದ್ದೆ.


ಮಾರ್ಚ್ 11

ಫೋನನ್ನು ಅವನ ಕುರ್ಚಿಯ ಕೈಗೆ ಸಿಕ್ಕಿಸಿದ್ದೇನೆ, ಪರದೆ ಅವನ ಕಡೆಗೆ. ಇವತ್ತೆಲ್ಲಾ ಒಂದೇ ರಾಗ.

ಊಟ ಹಾಕಲಾ? ಬೇಡ. ಹೊರಗೆ ಕೂರಿಸಲಾ? ಬೇಡ. ಟಿವಿ? ಬೇಡ ಬೇಡ ಬೇಡ. ಎಷ್ಟು ಜೋರಾಗಿ ಒತ್ತಿದ ಎಂದರೆ ಸಿಕ್ಕಿಸಿದ್ದು ಕಳಚಿ ಬಿತ್ತು.

ಬಲವಂತ ಮಾಡಲಿಲ್ಲ. ತಟ್ಟೆ ವಾಪಸ್ಸು ಒಯ್ದೆ. ಅವರ ಮಾತಿಗೆ ಬೆಲೆ ಕೊಡಿ ಎಂದು ಥೆರಪಿಯವರು ಹೇಳಿದ್ದಾರೆ. ಸಂಜೆ ಸುಮ್ಮನೆ ತುತ್ತು ಬಾಯಿಗಿಟ್ಟರೆ ಗಬಗಬ ತಿಂದ. ಕಣ್ಣಲ್ಲಿ ನೀರು. ಅಕ್ಕನ ದನಿ ಹೋಗಿ ನನ್ನ ಗೊಗ್ಗರು ದನಿ ಬಂತಲ್ಲ, ಅದಕ್ಕೆ ಸಿಟ್ಟೇನೋ.


ಮಾರ್ಚ್ 14

ಬೇಡ. ಬೇಡ. ಬೇಡ. ಈಗ ಸ್ವಲ್ಪ ಕಡಿಮೆ ಒತ್ತುತ್ತಾನೆ. ಹೆಚ್ಚು ಹೊತ್ತು ಗೋಡೆ ನೋಡುತ್ತಾನೆ. ಕಷ್ಟಪಟ್ಟು ಮಾತು ತರಿಸಿಕೊಟ್ಟೆ. ಬಂದ ಮಾತು ಇದೊಂದೇ.


ಮಾರ್ಚ್ 16, ಭಾನುವಾರ

ಅತ್ತಿಗೆ ಬಂದರು. ತಮ್ಮನ ಎದುರು ಮಣೆ ಎಳೆದುಕೊಂಡು ಕೂತರು. ತಲೆ ನೇವರಿಸಿದರು. ನಾನು ಕಿಟಕಿಯ ಹತ್ತಿರ ನಿಂತಿದ್ದೆ, ನೆಲ ನೋಡುತ್ತಾ.

“ನೋಡು ತಮ್ಮಾ, ಯಾರ ಮುಲಾಜೂ ಬೇಡ. ಇಲ್ಲೇ ಭಾವನ ಜೊತೆ ಇರೋದು ಬೇಕಾ ನಿನಗೆ?”

ನನ್ನ ದನಿ ಹೇಳಿತು: “ಬೇಡ.”

“ನಿಧಾನ. ಇನ್ನೊಂದು ಸಲ ಯೋಚನೆ ಮಾಡು.”

“ಬೇಡ. ಬೇಡ.” ಆಮೇಲೆ ತಡೆದು, “ಭಾವ. ಬೇಡ. ಭಾವ. ಬೇಡ.”

ಅತ್ತಿಗೆ ನನ್ನ ಕಡೆ ತಿರುಗಲಿಲ್ಲ. ದೊಡ್ಡ ಮನಸ್ಸು. “ಸಾಕು ಬಿಡು, ಎಷ್ಟು ಸಲ ಹೇಳ್ತೀಯ,” ಎಂದು ಎದ್ದು ಅವನ ಬಟ್ಟೆ ಮಡಚಲು ಹೋದರು. ಅವನ ಗಂಟಲಿನಿಂದ ಏನೋ ಶಬ್ದ ಬಂತು. ಕೈ ನನ್ನ ಕಡೆ ಎತ್ತಿದ. ಬೈಯುತ್ತಿದ್ದಾನೆ ಎಂದುಕೊಂಡು ನಾನು ಒಳಗೆ ಹೋದೆ.

ನನ್ನದೇ ದನಿಯಲ್ಲಿ ನನ್ನನ್ನು ಬೇಡ ಎಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತನ್ನು ಆಡಿಕೊಟ್ಟವನೂ ನಾನೇ.

ಕಾರು ತಿರುವು ದಾಟಿತು. ಫೋನನ್ನೂ ಕೊಟ್ಟು ಕಳಿಸಿದೆ. ಅವನ ಮಾತು ಅವನ ಹತ್ತಿರ ಇರಲಿ.


ಮಾರ್ಚ್ 17

ಎದ್ದೆ. ಎರಡು ಲೋಟ ತೊಳೆದೆ. ಒಂದನ್ನು ವಾಪಸ್ಸು ಇಟ್ಟೆ.


ಮಾರ್ಚ್ 29, ಬೆಳಿಗ್ಗೆ

ಪಕ್ಕದ ಮನೆಯವರ ಫೋನಿಗೆ ಅತ್ತಿಗೆ ಕರೆ ಮಾಡಿ ನನ್ನನ್ನು ಕೇಳಿದರು. ಸಿಡಿಮಿಡಿ.

“ಏನ್ರೀ ನಿಮ್ಮ ಮಷೀನು, ಮೂರು ಹೊತ್ತೂ ಬೇಡ ಬೇಡ ಅಂತದೆ! ನೀರು ಕೊಡ್ಲಾ ಅಂದ್ರೆ ಬೇಡ ಅಂದ್ಬಿಟ್ಟು ಲೋಟ ಕಿತ್ಕೊಂಡು ಕುಡೀತಾನೆ. ತಟ್ಟೆ ಇಟ್ರೆ ಬೇಡ ಅಂತಾನೇ ಬಳ್ಕೊಂಡು ತಿಂತಾನೆ. ನಿಮ್ಮ ಮನೇಲೂ ಹೀಗೇ ಇತ್ತಾ?”

ಇತ್ತು.

ಕಂಪ್ಯೂಟರು ತೆರೆದೆ. ಫೋನಿಗೆಂದು ಮಾಡಿದ್ದ ಫೋಲ್ಡರು ನೋಡಿದೆ. ಚಿತ್ರ ಹನ್ನೆರಡು. ದನಿ ಹನ್ನೊಂದು.

ಹೆಸರು ಓದಿದೆ. ನೀ. ನೋ. ಭಾ. ಬೇ. ಎರಡಕ್ಷರ ಕೇಳಿದ್ದೆ. ನಮ್ಮ ಕಣ್ಣಿಗೆ ‘ಬೇ’ ಎಂದರೆ ಒಂದಕ್ಷರ, ಒಂದನೇ ಕ್ಲಾಸಿನಿಂದ ಹಾಗೇ. ಪ್ರೋಗ್ರಾಮಿನ ಲೆಕ್ಕದಲ್ಲಿ ಎರಡು: ‘ಬ’ ಒಂದು, ಮೇಲಿನ ಏತ್ವದ ದೀರ್ಘ ಇನ್ನೊಂದು. ‘ಬೇಕು’ ಕತ್ತರಿಸಿದರೆ ಬೇ. ‘ಬೇಡ’ ಕತ್ತರಿಸಿದರೂ ಬೇ. ಮೊದಲು ‘ಬೇಕು’ ಹೋಗಿ ಕೂತಿತು. ಹಿಂದೆಯೇ ‘ಬೇಡ’ ಬಂದು ಅದೇ ಹೆಸರಿನ ಮೇಲೆ ಕೂತು ಅದನ್ನು ಅಳಿಸಿತು. ಅವನು ಯಾವುದನ್ನು ಒತ್ತಿದರೂ ಬೇಡ.

ನಾನು ಒತ್ತಿ ನೋಡಿದ್ದು ‘ಬೇಡ’ ಒಂದನ್ನೇ. ಅವಳಿಜವಳಿ, ಒಂದು ಸರಿಯಿದ್ದರೆ ಇನ್ನೊಂದೂ ಸರಿ ಅಂದುಕೊಂಡೆ.

ಭಾವ. ಬೇಕು. ಭಾವ. ಬೇಕು. ಅವನು ಹೇಳಿದ್ದು ಅದು.

ಮಧ್ಯಾಹ್ನ

‘ಹ್ಯಾಡ್ ಐ ನೋನ್, ಐ ವುಡ್ ಹ್ಯಾವ್...’ ಇಂಗ್ಲಿಷ್ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ಖಾಲಿ ಬಿಟ್ಟಿದ್ದು. ಮೊದಲೇ ಗೊತ್ತಿದ್ದಿದ್ದರೆ ಏನು ಮಾಡುತ್ತಿದ್ದಿರಿ, ತುಂಬಿಸಿ ಎನ್ನುತ್ತಿದ್ದರು.

ಸರಿಪಡಿಸಲು ಒಂದು ಸಾಲು ಸಾಕಾಯಿತು. ಆದರೆ ಇನ್ನೊಂದನ್ನು ತಿದ್ದುವ ದಾರಿ ಕಾಣುತ್ತಿಲ್ಲ. ಹಸಿದು ‘ಬೇಕು’ ಒತ್ತಿದಾಗೆಲ್ಲ ನನ್ನ ದನಿ ‘ಬೇಡ’ ಎಂದಿತು. ನಾನು ತಟ್ಟೆ ಎತ್ತಿಕೊಂಡು ಹೋದೆ. ಭಾವ ಬೇಕು ಎಂದಾಗಲೂ ನನ್ನ ದನಿಯೇ ‘ಬೇಡ’ ಎಂದಿತು, ನಾನು ಒಳಗೆ ಹೋದೆ. ಇದು ಯಂತ್ರದ ತಪ್ಪು ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಭಾವನಿಗೇ ನಾನು ಬೇಡವಾದೆ, ಅದಕ್ಕೇ ಹೀಗೊಂದು ಮಾಡಿಕೊಟ್ಟ ಎಂದುಕೊಂಡಿದ್ದರೆ?


ಮಾರ್ಚ್ 30, ಅತ್ತಿಗೆಯ ಮನೆ

ಬಸ್ಸಿಳಿದು ನೇರ ಬಂದೆ. ಹೇಳಿದೆ ಎಲ್ಲವನ್ನೂ. ಅತ್ತಿಗೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಕೇಳಿದರು.

“ಅದಕ್ಕೆ ಅಕ್ಷರ ತಿಳೀಲಿಲ್ಲ, ಸರಿ. ನಾವಿಬ್ರು ಎದುರಿಗೇ ಇದ್ವಲ್ಲ. ಮುಖ ನೋಡಿದ್ರೆ ತಿಳೀತಿರ್ಲಿಲ್ವಾ?”

“ನಾನು ನೆಲ ನೋಡ್ತಿದ್ದೆ.”

“ನಾನು ಮಷೀನು ಕೇಳಿಸ್ಕೋತಿದ್ದೆ.” ಸೆರಗು ಸರಿಮಾಡಿಕೊಂಡು, “ಹೋಗಿ, ನೀವೇ ಕೇಳಿ. ಈ ಸಲ ಏನಂದ್ರೂ ಅದೇ ಖಾಯಂ. ಮತ್ತೆ ಮತ್ತೆ ಅವನನ್ನ ಗೋಳು ಹುಯ್ಕೊಳ್ಳೋದು ಬೇಡ.”

ಹಿಂಭಾಗದ ಕೋಣೆ. ಕಿಟಕಿಯ ಪಕ್ಕ ಅವನ ಕುರ್ಚಿ. ಇಳಿದಿದ್ದಾನೆ. ಶೇವ್ ಮಾಡಿದವರು ಯಾರೋ ಕಿವಿಯ ಕೆಳಗೆ ಬಿಟ್ಟಿದ್ದಾರೆ, ಅಲ್ಲಿ ಅವನಿಗೆ ಕಚಗುಳಿ, ತಲೆ ಹಿಡಿದುಕೊಳ್ಳಬೇಕು. ಫೋನು ತೆಗೆದುಕೊಂಡೆ, ತಿದ್ದಿದ ಪ್ರೋಗ್ರಾಮನ್ನು ಹಾಕಿದೆ, ವಾಪಸ್ಸು ಸಿಕ್ಕಿಸಿದೆ. ಹೇಳಿದೆ: “ನಾನಲ್ಲ ಕಣೋ. ಅದು ಅಕ್ಷರ ಎಣಿಸೋದ್ರಲ್ಲಿ ತಪ್ಪಿತು. ನಾನಲ್ಲ.” ಮುಖ ತಿರುಗಿಸಲಿಲ್ಲ.

ಬಹಳ ಹೊತ್ತಾದ ಮೇಲೆ ಬೆರಳು ಎತ್ತಿದ. ‘ಬೇಡ’ ಒತ್ತಿದ. ಬೇಡ. ‘ಬೇಕು’ ಒತ್ತಿದ. ಬೇಕು. ತಡೆದ. ಮತ್ತೆ ‘ಬೇಡ’. ಮತ್ತೆ ‘ಬೇಕು’. ‘ಬೇಕು’. ‘ಬೇಡ’. ನಾನು ಮಾಡಬೇಕಿದ್ದ ಪರೀಕ್ಷೆಯನ್ನು ಅವನು ಮಾಡಿದ, ಒಂದನ್ನೂ ಬಿಡದೆ. ಆಮೇಲೆ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ. ನನ್ನನ್ನು ನೋಡಿದ. ಕಾಯುತ್ತಿದ್ದಾನೆ.

ಕೇಳಲಾಗುತ್ತಿಲ್ಲ. ನೀರು ಕುಡಿದು ಬಂದೆ. ಅದಕ್ಕೇ ಪೆನ್ನು ತೆಗೆದೆ, ಅವನ ಎದುರಿಗೇ ಕೂತು ಬರೆಯುತ್ತಿದ್ದೇನೆ. ಅವತ್ತಿನ ‘ಬೇಡ’ ಸುಳ್ಳು ಎಂದು ನಿನ್ನೆಯಿಂದ ಅದನ್ನೇ ಹಿಡಿದುಕೊಂಡು ಬಂದೆ. ಈಗ ಯಂತ್ರ ಸರಿಯಿದೆ. ಈಗ ಬರುವುದು ನಿಜ. ಮತ್ತೆ ‘ಬೇಡ’ ಎಂದರೆ ದೂರಲು ನನಗೊಂದು ಅಕ್ಷರವೂ ಉಳಿಯುವುದಿಲ್ಲ.

ಅವನ ಕಣ್ಣು ನನ್ನ ಪೆನ್ನಿನ ಮೇಲಿದೆ. ಏನು ಬರೆಯುತ್ತೀಯ ಎಂಬಂತೆ. ಭುಜ ಅಲ್ಲಾಡಿತೇ? ಗೊತ್ತಾಗಲಿಲ್ಲ. ಬೆಳಕು ಹೋಗುತ್ತಿದೆ. ಅವನ ಮುಖ ಸರಿಯಾಗಿ ಕಾಣುತ್ತಿಲ್ಲ. ಪೂರ್ತಿ ಕತ್ತಲಾಗುವುದರೊಳಗೆ, ಮುಖ ನೋಡಿಕೊಂಡೇ ಕೇಳಬೇಕು. ಪೆನ್ನು ಇಡುತ್ತೇನೆ. ಕೇಳುತ್ತೇನೆ.