ಠೊಣಪ ಇವತ್ತು ವಾಪಸ್ ಬರ್ತಾನೆ

ಅಕ್ಕಾ,

ರಾತ್ರಿಯೆಲ್ಲ ಕೆಮ್ಮಿ ಈಗಷ್ಟೇ ನಿನಗೆ ನಿದ್ದೆ ಹತ್ತಿದೆ, ಅದಕ್ಕೇ ಎಬ್ಬಿಸಲಿಲ್ಲ. ಫ್ಲಾಸ್ಕಲ್ಲಿ ಬಿಸಿನೀರಿದೆ, ಕುಡಿದೇ ಹೊರಡು.

ಸಂಜೆ ಅತ್ತೆ ಮನೆಗೆ ಹೋಗಿ ಠೊಣಪನ್ನ ಕರ್ಕೊಂಡು ಬರ್ತೀನಿ. ಬೇಡ ಅನ್ನಬೇಡ. ಬೆಕ್ಕಿನ ಕೂದಲಿಂದಲೇ ನಿನಗೆ ಕೆಮ್ಮು ಅಂತ ಪಾಪದವನನ್ನ ಮನೆ ಬಿಡಿಸಿದ್ವಿ. ಅವನು ಹೋದ, ಕೆಮ್ಮು ಹೋಯ್ತಾ? ಹೋದ ವಾರ ರಜೆ ಹಾಕಿ ಮನೇಲಿದ್ದೆಯಲ್ಲ, ಆಗ ಒಂದು ಸಲವೂ ಕೆಮ್ಮಲಿಲ್ಲ. ನಿನ್ನೆ ಮತ್ತೆ ಲೈಬ್ರರಿ ಕೆಲಸಕ್ಕೆ ಹೋದೆ, ಬರುವಾಗ ಕೆಮ್ಮೂ ನಿನ್ನ ಜೊತೆಗೇ ಬಂತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ನಮ್ಮ ಬುದ್ಧಿವಂತಿಕೆ.

ಆ ಲೈಬ್ರರಿ ನೆಲಮಾಳಿಗೇಲಿ ನೀರು ಸೋರಿ ಒದ್ದೆಯಾದ ಪುಸ್ತಕಗಳನ್ನ ಫ್ಯಾನ್ ಕೆಳಗೆ ಬಿಡಿಸಿಟ್ಟು ಒಣಗಿಸ್ತೀಯ. ಅದನ್ನ ಹೆಮ್ಮೆಯಿಂದ ಬೇರೆ ಹೇಳ್ಕೊಳ್ತೀಯ! ಪುಟದ ಮೇಲಿನ ಬೂಷ್ಟನ್ನೆಲ್ಲ ಫ್ಯಾನು ಎಬ್ಬಿಸಿ ನಿನ್ನ ಎದೆಗೇ ತುಂಬ್ತಿದೆ ಕಣಕ್ಕಾ.

ಇವತ್ತು ಡಾಕ್ಟರ್ ಹತ್ರ ಹೋದಾಗ "ಆಫೀಸ್ ಕೆಲಸ" ಅಂತ ಹೇಳಿ ಎದ್ದು ಬರಬೇಡ. ಬೂಷ್ಟಿನ ವಿಷಯ ಬಾಯಿಬಿಟ್ಟು ಹೇಳು. ನಿಮ್ಮ ಸಾಹೇಬ್ರಿಗೂ ಹೇಳು. ಅವರು ಕೋಣೆಗೆ ಬೀಗ ಹಾಕಿದ್ರೆ ಹಾಕ್ಲಿ. ಪುಸ್ತಕದ ಇನ್ನೊಂದು ಪ್ರತಿ ಎಲ್ಲಾದ್ರೂ ಸಿಗುತ್ತೆ, ನಿನ್ನದು ಸಿಗಲ್ಲ.

ಠೊಣಪನ ಹತ್ರ ನೀನೇ ಕ್ಷಮೆ ಕೇಳು. ಆದ್ರೆ ಅವನನ್ನ ಎತ್ಕೊಳ್ಳೋ ಮೊದಲು ಮೈ ತೊಳ್ಕೊಂಡು ಬಟ್ಟೆ ಬದಲಾಯಿಸು. ಅವನಿಗೂ ಕೆಮ್ಮು ಹತ್ತಿದ್ರೆ ಈ ಸಲ ಮನೆಯಿಂದ ಯಾರನ್ನ ಕಳಿಸೋಣ?