ಶಲ್ಯದ ಕೆಳಗೆ ಒಂದು ಬೆರಳು

ಬನಹಟ್ಟಿ,
ಶನಿವಾರ, ೨೮ ಜನವರಿ ೧೯೩೯

ಪ್ರೀತಿಯ ಶೇವಂತಿಗೆ,

ಅನಗವಾಡಿಯಲ್ಲಿ ನಿನ್ನ ತಂಗಿ, ಕೂಸು ಇಬ್ಬರೂ ಕ್ಷೇಮವೇ? ಹೊಳೆಯ ಗಾಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಬಾಣಂತಿಗೆಂದು ಕಾಸಿದ ನೀರಿನಲ್ಲಿ ಒಂದು ಲೋಟ ನೀನೂ ಕುಡಿ. ಇಲ್ಲಿ ಎಮ್ಮೆ ಆರಾಮ, ಮಗ್ಗಗಳು ಆರಾಮ, ಮಕ್ಕಳಿಬ್ಬರೂ ಆರಾಮ. ನನಗೊಬ್ಬನಿಗೆ ರೊಟ್ಟಿ ಗಂಟಲಿನಿಂದ ಕೆಳಗೆ ಇಳಿಯುತ್ತಿಲ್ಲ. ಬನಶಂಕರಿ ರೊಟ್ಟಿ ಚೆನ್ನಾಗಿಯೇ ಬಡಿಯುತ್ತಾಳೆ, ತಪ್ಪು ಅವಳದಲ್ಲ. ತಪ್ಪು ಫುಟ್‌ಬಾಲಿನದು.

ನಗಬೇಡ. ನೀನು ಹೋದ ಮೇಲೆ ನಮ್ಮೂರು ಒಂದು ರಾಷ್ಟ್ರವಾಗಿದೆ. ಕೊಲ್ಲಾಪುರದಲ್ಲಿ ಬರುವ ತಿಂಗಳು ದೊಡ್ಡ ಢಾಲಿಗಾಗಿ, ಅಂದರೆ ಗೆದ್ದವರಿಗೆ ಕೊಡುವ ಬೆಳ್ಳಿಯ ಗುರಾಣಿಗಾಗಿ, ಪಂದ್ಯಗಳಿವೆ. ಅಲ್ಲಿ ಆಡಬೇಕಾದರೆ ಮೊದಲು ಇಲ್ಲಿಯ ಗುಂಪಿನಲ್ಲಿ ಪಾಸಾಗಬೇಕು. ಗುಂಪಿನಲ್ಲಿ ನಾಲ್ಕು ಊರು: ಜಮಖಂಡಿ ಸಂಸ್ಥಾನದ ಪರವಾಗಿ ನಾವು, ಸಾಂಗಲಿ ಸಂಸ್ಥಾನದ ಪರವಾಗಿ ರಬಕವಿ, ಮುಧೋಳದ ಪರವಾಗಿ ಖುದ್ದು ಮುಧೋಳ, ಇಂಗ್ಲಿಷ್ ಸಾಮ್ರಾಜ್ಯದ ಪರವಾಗಿ ಬೀಳಗಿ. ಮೂವರು ರಾಜರು, ಒಬ್ಬ ಚಕ್ರವರ್ತಿ! ಇದನ್ನು ಅಂತರರಾಷ್ಟ್ರೀಯ ಎನ್ನದೆ ಇನ್ನೇನೆನ್ನಬೇಕು? ನಮ್ಮ ಓಣಿಯ ಹೆಂಗಸರು ರಬಕವಿಯ ಬಾವಿಗೆ ನೀರಿಗೆ ಹೋದಾಗಲೆಲ್ಲ ವಿದೇಶಯಾತ್ರೆ ಮಾಡಿ ಬರುತ್ತಿದ್ದರೆಂಬುದು ನನಗೆ ಈಗಲೇ ಹೊಳೆದದ್ದು.

ಬೀಳಗಿಯವರು ಎಲ್ಲರ ಕೈಯಲ್ಲೂ ಸೋತು ಸಾಮ್ರಾಜ್ಯದ ಮಾನ ಕಳೆದು ಮನೆಗೆ ಹೋದರು. ಅವರೆದುರು ಆಡುವಾಗ ನಮ್ಮ ಹುಡುಗರು, ನೇಕಾರರ ಮಕ್ಕಳಲ್ಲವೇ, ಚೆಂಡನ್ನು ಲಾಳಿಯಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಳಿಸುತ್ತ ನಿಂತರು. ನೋಡಲು ಸೀರೆಯ ದಡಿ ನೇಯ್ದಷ್ಟು ಚೆಂದ, ಗೋಲಿನ ಕಡೆಗೆ ಮಾತ್ರ ಯಾರೂ ಹೋಗಲೊಲ್ಲರು. ಕಡೆಗೆ ನಿನ್ನ ಮಗ ರಾಚಪ್ಪನೇ ಸಿಟ್ಟಿಗೆದ್ದು ಒಬ್ಬನೇ ನುಗ್ಗಿ ಬಾರಿಸಿದ. (ಒಳ್ಳೆಯದು ಮಾಡಿದಾಗ ಅವನು ನನ್ನ ಮಗನೆಂದು ನೀನು ಒಪ್ಪುವುದಿಲ್ಲ, ಅದಕ್ಕೇ ಹಾಗೆ ಬರೆದೆ.) ಈಗ ಎಲ್ಲವೂ ನಾಳೆಯ ಪಂದ್ಯದ ಮೇಲೆ ನಿಂತಿದೆ. ನಾಳೆ ನಮಗೂ ರಬಕವಿಗೂ ಪಂದ್ಯ. ಗುಂಪಿನಿಂದ ಮುಂದಕ್ಕೆ ಹೋಗುವುದು ಎರಡೇ ಊರು. ಸರಿಸಮವಾದರೆ ಎರಡೂ ಊರು ಕೊಲ್ಲಾಪುರಕ್ಕೆ. ಒಬ್ಬರು ಸೋತರೆ, ಸೋತವರ ಜಾಗ ಮುಧೋಳದವರಿಗೆ.

ರಬಕವಿಯ ಗೋಲು ಕಾಯುವವನು ಯಾರೆಂದು ನಿನಗೆ ಹೇಳಬೇಕೇ? ನಮ್ಮ ಬನಶಂಕರಿಯನ್ನು ಕೈಹಿಡಿಯಲಿರುವ ರಾಮಣ್ಣ. ಇತ್ತ ಒದೆಯುವವನು ಅವಳ ಅಣ್ಣ, ಅತ್ತ ತಡೆಯುವವನು ಅವಳ ಗಂಡನಾಗುವವನು. ಬೀಗಿತ್ತಿ ಲಕ್ಷ್ಮವ್ವ ಬಾವಿಕಟ್ಟೆಯ ಮೇಲೆ ನಿಂತು ಆಗಲೇ ಸಾರಿದ್ದಾಳಂತೆ: “ನಮಗ ಮಣ್ಣ ಮುಕ್ಕಿಸಿದವರ ಮನಿ ಹೆಣ್ಣ ತಂದು ನಾ ಏನ್ ಮಾಡ್ಲಿ?” ಇತ್ತ ರಾಚಪ್ಪನ ಪ್ರತಿಜ್ಞೆ: “ಅವರ ಕೈಯಾಗ ಸೋತ್ರ ಆ ಮದಿವಿಗಿ ನಾ ನಿಲ್ಲಂಗಿಲ್ಲ.” ನಿಶ್ಚಯವಾದ ಮದುವೆಯೊಂದು ಗಾಳಿ ತುಂಬಿದ ಚರ್ಮದ ಉಂಡೆಯ ಮೇಲೆ ಕೂತಿದೆ, ಶೇವಂತಿ.

ಆದ್ದರಿಂದ ನಾನು ಬುದ್ಧಿ ಓಡಿಸಿದೆ. ಇಲ್ಲಿಂದಲೇ ಅನಾಹುತದ ಆರಂಭ.

ಬುಧವಾರ ನೂಲಿನ ಪೇಟೆಯಲ್ಲಿ ಬೀಗರು ಗಿರಮಲ್ಲಪ್ಪನವರು ಸಿಕ್ಕರು. ಸುತ್ತಲೂ ಜನ. ಇಂಥ ಹೊತ್ತಿನಲ್ಲಿ ದರವನ್ನು ಬಾಯಲ್ಲಿ ಹೇಳದೆ, ಶಲ್ಯದ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಚುಕಿ ತಿಳಿಸುವುದು ನಮ್ಮ ವ್ಯಾಪಾರದ ಪದ್ಧತಿ. ನಾನು “ಐತವಾರದ್ದು ಹೆಂಗ್ರಿ ಬೀಗರ?” ಎಂದೆ. ಅವರು ಶಲ್ಯ ಹರಡಿದರು. ನಾನು ಅವರ ಒಂದು ಬೆರಳು ಹಿಚುಕಿದೆ. ಅರ್ಥ ಹಸುಳೆಗೂ ತಿಳಿಯುವಂಥದ್ದು: ನಿಮಗೊಂದು ಗೋಲು, ನಮಗೊಂದು ಗೋಲು, ಇಬ್ಬರೂ ನಗುತ್ತ ಕೊಲ್ಲಾಪುರಕ್ಕೆ. ಅವರು ಕಣ್ಣು ತುಂಬಿಕೊಂಡು “ಭಾಳ ದೊಡ್ಡ ಮನಸ್ಸರಿ ನಿಮ್ಮದು” ಎಂದರು. ದೊಡ್ಡ ಮನಸ್ಸು ಎಂದಾಗಲೇ ನಾನು ಎಚ್ಚರವಾಗಬೇಕಿತ್ತು. ಸರಿಯಾದ ದರಕ್ಕೆ ಯಾವ ವ್ಯಾಪಾರಿ ಕಣ್ಣು ತುಂಬಿಕೊಳ್ಳುತ್ತಾನೆ?

ಮರುದಿನ ಬೀಗರ ಮನೆಯಿಂದ ಒಂದು ಬುಟ್ಟಿ ಉಂಡಿ ಬಂತು. ಹೊತ್ತು ತಂದ ಅವರ ಮನೆಗೆಲಸದ ಇಂದ್ರವ್ವ ಅಂಗಳದಿಂದಲೇ ಕೂಗಿದಳು: “ನಮಗ ಒಂದ್ ಗೋಲ್ ಬಿಟ್ಟು ಕೊಡ್ತೀರಂತಲ್ರಿ ಯಪ್ಪಾ! ಹೆಣ್ಣ ಕೊಡೋರು ಅಂದ್ರ ಹಿಂಗಿರಬೇಕು ನೋಡ್ರಿ!”

ಉಂಡಿ ನನ್ನ ಕೈಯಲ್ಲೇ ಪುಡಿಯಾಯಿತು. ಆಮೇಲೆ ಕೂತು ಯೋಚಿಸಿದೆ, ಗಿರಮಲ್ಲಪ್ಪನವರದೂ ತಪ್ಪಿಲ್ಲ. ಮಾರುವವನು ಬೆರಳು ಹಿಚುಕಿದರೆ ಅಷ್ಟು ಇಳಿಸಿದೆ ಎಂದೇ ಪೇಟೆಯಲ್ಲಿ ಅರ್ಥ. ಬೀಗತನದಲ್ಲಿ ಇಳಿಸುವವರು ಯಾವಾಗಲೂ ಹೆಣ್ಣಿನ ಕಡೆಯವರೇ. ನಾನು ಆಟದ ಮಾತಾಡಿದೆ, ಅವರು ವ್ಯಾಪಾರದ ಮಾತು ಕೇಳಿಸಿಕೊಂಡರು. ಹೋಗಿ ಬಿಡಿಸಿ ಹೇಳೋಣವೆಂದರೆ, ಶಲ್ಯದ ಕೆಳಗೆ ಆದ ಮಾತನ್ನು ಹಿಂದಕ್ಕೆ ತಗೊಂಡವನ ಕೈಗೆ ನಾಳೆಯಿಂದ ಪೇಟೆಯಲ್ಲಿ ಯಾರೂ ಕೈ ಕೊಡುವುದಿಲ್ಲ.

ಇಂದ್ರವ್ವನ ಕೂಗು ಕೇಳಿ, ಉಣ್ಣುತ್ತಿದ್ದ ರಾಚಪ್ಪ ಗಂಗಾಳ ಸರಿಸಿ ಎದ್ದ. “ಅಪ್ಪಾ, ಸೀರಿ ಮಾರೂದು ನಿಂದು, ಚೆಂಡ ಒದಿಯೂದು ನಂದು” ಎಂದು ಹೊರಗೆ ನಡೆದ. ನಾನು ಬನಶಂಕರಿಯ ಮುಖ ನೋಡಿದೆ. ಅವಳು ಅತ್ತರೆ ಸಮಾಧಾನ ಮಾಡಲು ಎರಡು ಮಾತು ಸಿದ್ಧ ಮಾಡಿಕೊಂಡಿದ್ದೆ. ಅವಳು ಅಳಲಿಲ್ಲ. “ನನ್ನ ಸಲುವಾಗಿ ಯಾರೂ ಸುಳ್ಳ ಆಟ ಆಡಬ್ಯಾಡ್ರಿ ಅಪ್ಪಾ. ನಾಳಿ ಅತ್ತಿ ಮನ್ಯಾಗ ಸಾರಿಗಿ ಉಪ್ಪ ಹೆಚ್ಚಾದ್ರೂ ಅದನ್ನ ತಗೀತಾರ: ನಿಮ್ಮಪ್ಪ ಗೋಲ್ ಕೊಟ್ಟು ನಿನ್ನ ದಾಟಿಸ್ಯಾನ ಅಂತ. ಅಣ್ಣಾ ಖರೇನ ಒದೀಲಿ. ಅವರು ಹಿಡದ್ರ ಹಿಡೀಲಿ. ಹಿಡೀದಿದ್ರ ನಾ ನೋಡ್ಕೋತೀನಿ” ಎಂದಳು. ಈ ‘ನೋಡ್ಕೋತೀನಿ’ಗೆ ಅರ್ಥವೇನು? ನಮ್ಮ ಮದುವೆಯಾದಾಗಿನಿಂದ ನಿನ್ನ ಬಾಯಿಂದ ಕೇಳುತ್ತ ಬಂದರೂ ನನಗಿನ್ನೂ ತಿಳಿದಿಲ್ಲ. ನಾಳೆ ಮೈದಾನಕ್ಕೂ ಬರುತ್ತಾಳಂತೆ. ಬೇಡವೆನ್ನಲು ಬಾಯಿ ತೆರೆದೆ, ಅವಳು ನಿನ್ನಂತೆಯೇ ಒಮ್ಮೆ ನೋಡಿದಳು. ಬಾಯಿ ಮುಚ್ಚಿದೆ.

ನಿನ್ನ ತಂಗಿಗೂ ಕೂಸಿಗೂ ನನ್ನ ಆಶೀರ್ವಾದ. ಮಾವನವರಿಗೆ ನಮಸ್ಕಾರ ತಿಳಿಸು. ಶಲ್ಯದ ಸಂಗತಿ ಮಾತ್ರ ತಿಳಿಸಬೇಡ. ದೇವರು ನಿನ್ನ ಕೆಮ್ಮು ಇಳಿಸಲಿ, ನನಗೆ ನಾಳೆಯ ಸಂಜೆ ತೋರಿಸಲಿ.

ನಿನ್ನ,
ನೀಲಕಂಠ

ತಾಜಾ ಕಲಮು: ಐತವಾರ, ಮೈದಾನದಿಂದ. ಅರ್ಧ ಆಟ ಮುಗಿದಿದೆ, ಇನ್ನೂ ಯಾರದೂ ಗೋಲಿಲ್ಲ. ನಿಮ್ಮ ಕಡೆಗೆ ಹೋಗುವ ಬೀಳಗಿಯ ಮೋಟಾರಿನವನು ಹೊರಟು ನಿಂತಿದ್ದಾನೆ, ಅವನ ಕೈಯಲ್ಲೇ ಕಳಿಸುತ್ತೇನೆ. ರಾಚಪ್ಪ ಎದುರಿಗೆ ಬಂದು, ಬೀಗತನ ನೋಡದೆ, ಇದ್ದ ಬಲವೆಲ್ಲ ಹಾಕಿ ಒದ್ದ. ರಾಮಣ್ಣ ಅಡ್ಡ ಹಾರಿ ಮುಖದಿಂದ ತಡೆದ. ತುಟಿ ಒಡೆದು ರಕ್ತ ಬಂತು, ಚೆಂಡು ಮಾತ್ರ ಒಳಗೆ ಹೋಗಲಿಲ್ಲ. ಇಡೀ ಬನಹಟ್ಟಿ ಅಯ್ಯೋ ಅಂದಾಗ, ಮೈದಾನದ ಅಂಚಿಗೆ ನಿಲ್ಲಿಸಿದ್ದ ನಮ್ಮ ಬಂಡಿಯ ಮೇಲಿಂದ ಒಂದೇ ಒಂದು ದನಿ “ಭಲೇ!” ಎಂದಿತು. ನಿನ್ನ ಮಗಳದು. ನಾನು ನೆಲ ಸೀಳಲೆಂದು ಕಾದೆ. ರಬಕವಿಯ ಕಡೆಯಿಂದ ಲಕ್ಷ್ಮವ್ವ ಇಳಿದು ನೇರ ನಮ್ಮ ಬಂಡಿಗೇ ಬಂದಳು. “ಯಾರಬೇ ಅದು ಭಲೇ ಅಂದಾಕಿ?” “ನಾನರಿ ಅತ್ತಿ.” ಲಕ್ಷ್ಮವ್ವ ಅವಳ ಕೈ ಹಿಡಿದು ಬಂಡಿಯಿಂದ ಇಳಿಸಿದಳು. ಆಮೇಲೆ ಗಂಡ ಗಿರಮಲ್ಲಪ್ಪನವರ ಕಡೆ ತಿರುಗಿ, ಎರಡೂ ಊರಿಗೆ ಕೇಳುವ ಹಾಗೆ, “ಆ ಬಿಟ್ಟು ಕೊಟ್ಟ ಗೋಲಿನ ಸುದ್ದಿ ಇನ್ನ ನನ್ನ ಮುಂದ ತಗೀಬ್ಯಾಡ್ರಿ. ಸೋತ್ರೂ ಗೆದ್ರೂ ಈ ಹುಡಿಗಿ ನಮ್ಮಾಕಿ” ಎಂದಳು. ಮದುವೆಯ ಸೀರೆ ಆರಿಸಲು ನಿನ್ನನ್ನು ಕೇಳುತ್ತಿದ್ದಾಳೆ, ನಾಳೆಯ ಮೋಟಾರಿಗೇ ಬಾ. ಸೀಟಿ ಊದಿದರು. ಬನಶಂಕರಿ ಅತ್ತೆಯ ಪಕ್ಕ ರಬಕವಿಯವರ ಬಂಡಿಯ ಮೇಲೆ ಕೂತಿದ್ದಾಳೆ, ರಾಚಪ್ಪ ಮತ್ತೆ ಒದೆಯಲು ಓಡಿ ಬರುತ್ತಿದ್ದಾನೆ. ನಾನು ಯಾರಿಗಾಗಿ ಕೈ ಮುಗಿಯಲೆಂದು ಬೇಗ ಬಂದು ಹೇಳು.